ಬೆಳಿಗ್ಗೆ ಎದ್ದರೆ ತಲೆ ಭಾರ: ಮಲಗುವ ರೂಮಿನ ಗಾಳಿಯಲ್ಲಿ ದೋಷ ಹುಡುಕುವುದು ಹೇಗೆ

ಏಳೆಂಟು ಗಂಟೆ ನಿದ್ದೆ ಆಗಿರುತ್ತದೆ. ಆದರೂ ಎದ್ದಾಗ ತಲೆ ಭಾರ, ಬಾಯಿ ಒಣಗಿರುತ್ತದೆ, ಮೈ ಏಳೋದೇ ಇಲ್ಲ ಅನ್ನುತ್ತದೆ. ಬಾಲ್ಕನಿಯಲ್ಲಿ ನಿಂತು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಎಲ್ಲ ಸರಿ. ಕಾಫಿಯಿಂದ ಸರಿಹೋಯ್ತು ಅಂತ ಅಂದುಕೊಳ್ಳುತ್ತೇವೆ. ಒಂದು ದಿನ ಕಾಫಿ ಇಲ್ಲದೆ ಸುಮ್ನೆ ಹತ್ತು ಹದಿನೈದು ನಿಮಿಷ ಹೊರಗೆ ನಿಂತು ನೋಡಿ. ಆಗಲೂ ತಲೆ ಹಗುರ ಆದರೆ ಅನುಮಾನ ಪಡಬೇಕಾದ್ದು ರೂಮಿನ ಗಾಳಿಯ ಮೇಲೆ.

ಇನ್ನೂ ಕೆಲವು ಗುರುತುಗಳಿವೆ. ಬೆಳಿಗ್ಗೆ ಹಾಲ್‌ನಿಂದ ರೂಮಿಗೆ ಬಂದವರು ‘ಏನೋ ಮುಗ್ಗಲು ವಾಸನೆ’ ಅನ್ನುತ್ತಾರೆ, ಒಳಗೆ ಮಲಗಿದ್ದವರಿಗೆ ಅದು ಗೊತ್ತೇ ಆಗಿರೋದಿಲ್ಲ. ಡಿಸೆಂಬರ್, ಜನವರಿಯಲ್ಲಿ ಕಿಟಕಿ ಗಾಜಿನ ಒಳಮೈಗೆ ನೀರಿನ ಹನಿ ಕೂತಿರುತ್ತದೆ, ಕೆಳಗಿನ ಅಲ್ಯೂಮಿನಿಯಂ ಪಟ್ಟಿಯಲ್ಲಿ ಸಣ್ಣಗೆ ನೀರು ನಿಂತಿರುತ್ತದೆ. ಆ ನೀರು ಬಹುಪಾಲು ನಿಮ್ಮ ಉಸಿರಿನದ್ದೇ. ಉಸಿರಿನ ತೇವಕ್ಕೆ ಹೊರಗೆ ಹೋಗಲು ದಾರಿ ಸಿಗಲಿಲ್ಲ ಅಂದ ಮೇಲೆ ಉಸಿರಿನ ಕಾರ್ಬನ್ ಡೈಆಕ್ಸೈಡ್‌ಗೂ ಸಿಕ್ಕಿಲ್ಲ.

ಜೋರಾಗಿ ಗೊರಕೆ ಹೊಡೆಯುವವರಿಗೆ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗಿ ಎಚ್ಚರ ಆಗುವವರಿಗೆ, ಬಿಪಿ ಇರುವವರಿಗೆ ಬೆಳಗಿನ ತಲೆನೋವು ಬೇರೆ ಕಾರಣಕ್ಕೂ ಬರುತ್ತದೆ. ಅವರು ಗಾಳಿ ಪರೀಕ್ಷೆ ಮಾಡಿಕೊಳ್ಳಲಿ, ಆದರೆ ಡಾಕ್ಟರ್ ಹತ್ತಿರ ಹೋಗೋದನ್ನು ಮುಂದಕ್ಕೆ ಹಾಕಬಾರದು.

ಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಮೊದಲು ಇದನ್ನು ಓದಿ

ಕಾರ್ಬನ್ ಡೈಆಕ್ಸೈಡ್ ಬೇರೆ, ಕಾರ್ಬನ್ ಮೊನಾಕ್ಸೈಡ್ ಬೇರೆ. ಮೊದಲನೆಯದು ನಮ್ಮ ಉಸಿರಿನಲ್ಲೇ ಇದೆ, ಮಲಗುವ ರೂಮಿನಲ್ಲಿ ಸೇರುವ ಮಟ್ಟದಲ್ಲಿ ಹೆಚ್ಚೆಂದರೆ ಜಡ ಹಿಡಿಸಬಹುದು, ಅಷ್ಟೇ. ಎರಡನೆಯದು ಕೊಲ್ಲುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಮತ್ತು ಕಾರ್ಬನ್ ಡೈಆಕ್ಸೈಡ್ ಮೀಟರ್ ಅದನ್ನು ತೋರಿಸುವುದೇ ಇಲ್ಲ. ಮೀಟರ್‌ನಲ್ಲಿ ಹಸಿರು ದೀಪ ಇದೆ ಅಂತ ಯಾರೂ ನೆಮ್ಮದಿಯಾಗಿ ಇರಬೇಡಿ.

ಚಿಕ್ಕ ಬಾತ್‌ರೂಮು, ಒಳಗೇ ಗ್ಯಾಸ್ ಗೀಸರ್, ಚಳಿ ಅಂತ ವೆಂಟಿಲೇಟರ್‌ಗೆ ರಟ್ಟು ಬಡಿದಿರುವುದು, ಬಾಗಿಲಿಗೆ ಚಿಲಕ: ಇಷ್ಟು ಸೇರಿದರೆ ಸಾಕು. ಗೀಸರ್ ಉರಿಯುವಾಗ ಒಲೆಯ ದೊಡ್ಡ ಬರ್ನರ್ ನಾಲ್ಕೈದು ಸೇರಿದಷ್ಟು ಗ್ಯಾಸ್ ಉರಿಯುತ್ತದೆ. ಆ ಉರಿಗೆ ಬೇಕಾದ ಆಕ್ಸಿಜನ್ ಅಷ್ಟು ಚಿಕ್ಕ ಜಾಗದಲ್ಲಿ ಬೇಗ ಕಡಿಮೆಯಾಗುತ್ತದೆ, ಉರಿ ಅರೆಬರೆ ಆಗುತ್ತದೆ, ಮೊನಾಕ್ಸೈಡ್ ಹುಟ್ಟುತ್ತದೆ. ಸ್ನಾನಕ್ಕೆ ಹೋದವರು ತಲೆ ಸುತ್ತಿ ಅಲ್ಲೇ ಬೀಳುತ್ತಾರೆ. ಚಳಿಗಾಲದಲ್ಲಿ ನಮ್ಮ ಪೇಪರ್‌ಗಳಲ್ಲಿ ಇಂಥ ಸಾವಿನ ಸುದ್ದಿ ಬರುತ್ತಲೇ ಇರುತ್ತದೆ. ಇವೆಲ್ಲ ತಪ್ಪಿಸಬಹುದಾಗಿದ್ದ ಸಾವುಗಳು. ಗ್ಯಾಸ್ ಗೀಸರ್ ಇರಬೇಕಾದ್ದು ಬಾತ್‌ರೂಮಿನ ಹೊರಗೆ, ಗಾಳಿಯಾಡುವ ಯುಟಿಲಿಟಿಯಲ್ಲಿ. ರಾತ್ರಿ ಚಳಿಗೆ ಇದ್ದಿಲ ಅಗ್ಗಿಷ್ಟಿಕೆಯನ್ನು ಬಾಗಿಲು ಹಾಕಿದ ರೂಮಿನೊಳಗೆ ಇಟ್ಟುಕೊಳ್ಳುವುದೂ ಇದೇ ಅಪಾಯ.

ಹೀಗೆ ಯಾರಾದರೂ ಅಸ್ವಸ್ಥರಾದರೆ ಮೊದಲು ಅವರನ್ನು ಹೊರಗೆ ತನ್ನಿ, ಆಮೇಲೆ ಆಸ್ಪತ್ರೆ. ಅಲ್ಲಿ ‘ಗ್ಯಾಸ್ ಗೀಸರ್ ಇರೋ ಬಾತ್‌ರೂಮಲ್ಲಿ ಬಿದ್ದಿದ್ದರು’ ಅಂತ ಬಾಯಿಬಿಟ್ಟು ಹೇಳಲೇಬೇಕು. ಬೆರಳಿಗೆ ಹಾಕುವ ಮಾಮೂಲಿ ಆಕ್ಸಿಮೀಟರ್ ಇಂಥವರಲ್ಲೂ 97, 98 ಅಂತ ತೋರಿಸಬಹುದು. ಮೊನಾಕ್ಸೈಡ್ ಹಿಡಿದ ರಕ್ತಕ್ಕೂ ಆಕ್ಸಿಜನ್ ಹಿಡಿದ ರಕ್ತಕ್ಕೂ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ರಕ್ತ ಪರೀಕ್ಷೆಯೇ ಬೇಕು.

ಗ್ಯಾಸ್ ಗೀಸರ್, ಇದ್ದಿಲು ಎರಡೂ ನಿಮ್ಮ ಮನೆಯಲ್ಲಿ ಇಲ್ಲ, ಅಥವಾ ಗೀಸರ್ ಬಾತ್‌ರೂಮಿನ ಹೊರಗಿದೆ ಅಂದರೆ ಮುಂದೆ ಓದಿ.

ಮೀಟರ್ ನಿಜ ಹೇಳುತ್ತಿದೆಯಾ?

ಗಾಳಿ ಕೆಟ್ಟಿದೆಯೋ ಇಲ್ಲವೋ ಅಂತ ಮೂಗಿನಿಂದ ಹೇಳುವುದು ಕಷ್ಟ, ಯಾಕೆಂದರೆ ಮೂಗು ಬೇಗ ಒಗ್ಗಿಹೋಗುತ್ತದೆ. ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಮೀಟರ್ ಬೇಕು. ಆದರೆ ದೋಷ ಹುಡುಕುವ ಕೆಲಸ ಮನೆಯಿಂದಲ್ಲ, ಮೀಟರ್‌ನಿಂದಲೇ ಶುರುವಾಗಬೇಕು.

ಆನ್‌ಲೈನಲ್ಲಿ ಕಡಿಮೆ ಬೆಲೆಗೆ ಸಿಗುವ ಎಷ್ಟೋ ಡಬ್ಬಿಗಳು ಕಾರ್ಬನ್ ಡೈಆಕ್ಸೈಡ್ ಅಳೆಯುವುದೇ ಇಲ್ಲ. ಅವು ಗಾಳಿಯಲ್ಲಿರುವ ಬೇರೆ ಆವಿಗಳನ್ನು (ಬಣ್ಣ, ಸೆಂಟು, ಒಗ್ಗರಣೆ, ಬೆವರು) ಹಿಡಿದು, ಅದರ ಮೇಲೆ ಒಂದು ಅಂದಾಜು ಹಾಕಿ, ‘ಇ-ಸಿಒ2’ ಅಂತ ತೋರಿಸುತ್ತವೆ. ನಿಜವಾಗಿ ಅಳೆಯುವಂಥವು ಇನ್‌ಫ್ರಾರೆಡ್ ಬೆಳಕು ಬಳಸುತ್ತವೆ. ಕಾರ್ಬನ್ ಡೈಆಕ್ಸೈಡ್ 4.26 ಮೈಕ್ರಾನ್ ಅಲೆಯುದ್ದದ ಬೆಳಕನ್ನು ಚೆನ್ನಾಗಿ ಹೀರುತ್ತದೆ, ಎಷ್ಟು ಹೀರಿತು ಅನ್ನೋದರಿಂದ ಲೆಕ್ಕ ಸಿಗುತ್ತದೆ. ಡಬ್ಬಿಯ ಮೇಲೆ ‘ಎನ್‌ಡಿಐಆರ್’ ಅಂತಲೋ ‘ಫೋಟೋಅಕೌಸ್ಟಿಕ್’ ಅಂತಲೋ ಇದೆಯಾ ನೋಡಿ. ಒಳಗಿನ ಸೆನ್ಸರ್ ಹೆಸರು ಕೊಟ್ಟಿದ್ದರೆ ಇನ್ನೂ ಒಳ್ಳೆಯದು: ಸೆನ್ಸಿರಿಯಾನ್ ಎಸ್‌ಸಿಡಿ40, ಸೆನ್ಸ್‌ಏರ್ ಎಸ್8, ಎಂಎಚ್-ಝಡ್19 ಇವೆಲ್ಲ ಅಸಲಿ ಜಾತಿಯವು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಹತ್ತಿಗೆ ಸ್ವಲ್ಪ ಹ್ಯಾಂಡ್ ಸ್ಯಾನಿಟೈಸರ್ ಹಾಕಿ ಮೀಟರ್ ಪಕ್ಕ ಇಡಿ, ನೀವು ದೂರ ಬನ್ನಿ. ಅಸಲಿ ಮೀಟರ್‌ನ ನಂಬರ್ ಹೆಚ್ಚೂಕಡಿಮೆ ಅಲ್ಲೇ ನಿಂತಿರುತ್ತದೆ. ಅಂದಾಜಿನ ಡಬ್ಬಿ ಸಾವಿರಗಟ್ಟಲೆ ಮೇಲಕ್ಕೆ ಹಾರುತ್ತದೆ. ಬಾಯಿಂದ ಊದಿ ನೋಡಿದರೆ ಸಾಲದು, ಊದಿದರೆ ಎರಡೂ ಏರುತ್ತವೆ.

ಅಸಲಿ ಅಂತ ಆದ ಮೇಲೆ ಹೊರಗಿನ ಪರೀಕ್ಷೆ. ಬಾಲ್ಕನಿಯಲ್ಲೋ ತಾರಸಿಯಲ್ಲೋ ನೆರಳಿನಲ್ಲಿ ಇಪ್ಪತ್ತು ನಿಮಿಷ ಇಡಿ, ಹತ್ತಿರ ನಿಂತು ಉಸಿರು ಬಿಡಬೇಡಿ. ಹೊರಗಿನ ಗಾಳಿಯಲ್ಲಿ ಈಗ ಸುಮಾರು 425 ಪಿಪಿಎಂ ಇದೆ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 425 ಭಾಗ ಕಾರ್ಬನ್ ಡೈಆಕ್ಸೈಡ್. (1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಅಳೆಯಲು ಶುರು ಮಾಡಿದಾಗ ಇದು ಸುಮಾರು 315 ಇತ್ತು.) ಊರೊಳಗೆ, ರಸ್ತೆ ಪಕ್ಕ 450, 500 ತೋರಿಸಿದರೂ ಸರಿ. 650 ತೋರಿಸಿದರೆ, ಅಥವಾ 350 ತೋರಿಸಿದರೆ ಮೀಟರ್ ದಾರಿ ತಪ್ಪಿದೆ. ಮೆನುವಿನಲ್ಲಿ ಕ್ಯಾಲಿಬ್ರೇಶನ್ (ನಂಬರನ್ನು ಸರಿಯಾದ ಮಟ್ಟಕ್ಕೆ ಕೂರಿಸುವುದು) ಹುಡುಕಿ, ಹೊರಗೆ ಇಟ್ಟೇ ಮಾಡಿ.

ಇಲ್ಲಿ ನಮ್ಮ ಕಡೆಯವರಿಗೆ ಒಂದು ವಿಶೇಷ ಇದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹೆಚ್ಚುಕಡಿಮೆ ನೂರಕ್ಕೆ ಹತ್ತರಷ್ಟು ಕಡಿಮೆ. ಬೆಳಕಿನ ದಾರಿಯಲ್ಲಿ ಅಣುಗಳು ಅಷ್ಟು ಕಡಿಮೆ ಸಿಗುವುದರಿಂದ, ಎತ್ತರದ ಲೆಕ್ಕ ಸೇರಿಸದ ಮೀಟರ್ ಕೂಡ ಸುಮಾರು ಅಷ್ಟೇ ಕಡಿಮೆ ತೋರಿಸುತ್ತದೆ. ಮಡಿಕೇರಿಯಲ್ಲಿ ಇನ್ನೂ ಜಾಸ್ತಿ ವ್ಯತ್ಯಾಸ. ಸೆಟ್ಟಿಂಗ್ಸ್‌ನಲ್ಲಿ ಎತ್ತರ ಅಥವಾ ಒತ್ತಡ ಹಾಕುವ ಜಾಗ ಇದ್ದರೆ ನಿಮ್ಮ ಊರಿನದ್ದನ್ನು ಹಾಕಿ.

ಇದಕ್ಕಿಂತ ದೊಡ್ಡ ಮೋಸ ‘ಆಟೋ ಕ್ಯಾಲಿಬ್ರೇಶನ್’ನಿಂದ ಆಗುತ್ತದೆ. ವಾರದ ಹೊತ್ತಿನಲ್ಲಿ ತಾನು ಕಂಡ ಅತಿ ಕಡಿಮೆ ಮಟ್ಟವೇ ಹೊರಗಿನ ಗಾಳಿ, ಅಂದರೆ 400, ಅಂತ ಮೀಟರ್ ಅಂದುಕೊಳ್ಳುತ್ತದೆ. ಕಿಟಕಿ ದಿನಾ ತೆಗೆಯುವ ಮನೆಯಲ್ಲಿ ಇದು ಸರಿಯೇ. ಆದರೆ ಯಾವತ್ತೂ ಕಿಟಕಿ ತೆಗೆಯದ ರೂಮಿನಲ್ಲಿ ಅತಿ ಕಡಿಮೆ ಅಂದರೇ 700 ಇರುತ್ತದೆ. ಮೀಟರ್ ಆ 700ನ್ನು 400 ಅಂತ ಮಾಡಿಕೊಂಡು, ಅಲ್ಲಿಂದ ಮುಂದೆ ಎಲ್ಲವನ್ನೂ ಇಳಿಸಿ ತೋರಿಸುತ್ತಾ ಹೋಗುತ್ತದೆ. ಗಾಳಿ ಎಷ್ಟು ಕೆಟ್ಟಿದೆಯೋ ಮೀಟರ್ ಅಷ್ಟು ಚೆನ್ನಾಗಿದೆ ಅಂತ ತೋರಿಸುತ್ತದೆ! ಹಾಗಾಗಿ ವಾರಕ್ಕೊಮ್ಮೆ ಅದನ್ನು ಹೊರಗೆ ಇಡಿ, ಇಲ್ಲವೇ ಆಟೋ ಆಫ್ ಮಾಡಿ ಕೈಯಿಂದ ಮಾಡಿ.

ಇಡುವ ಜಾಗವೂ ಮುಖ್ಯ. ದಿಂಬಿನ ಪಕ್ಕ ಇಟ್ಟರೆ ನಿಮ್ಮ ಉಸಿರೇ ನೇರ ಬಡಿಯುತ್ತದೆ, ಕಿಟಕಿ ಪಟ್ಟಿ ಮೇಲೆ ಇಟ್ಟರೆ ಹೊರಗಿನ ಗಾಳಿ ತೋರಿಸುತ್ತದೆ. ಮಂಚದಿಂದ ನಾಲ್ಕೈದು ಅಡಿ ದೂರ, ಮಂಚದ ಎತ್ತರಕ್ಕೆ ಒಂದು ಸ್ಟೂಲ್ ಮೇಲೆ ಇಡಿ.

ಎಷ್ಟಿದ್ದರೆ ಸರಿ?

ಸಾವಿರ ಪಿಪಿಎಂ ಒಳಗೆ ಇರಬೇಕು ಅನ್ನೋ ಮಾತು ಹಳೆಯದು. ಮ್ಯೂನಿಕ್‌ನ ನೈರ್ಮಲ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ ಅದನ್ನು ಹೇಳಿದರು. ಅವರ ಮಾತಿನ ಅರ್ಥ ಸಾವಿರ ದಾಟಿದರೆ ವಿಷ ಅಂತ ಅಲ್ಲ. ಜನ ಇರುವ ರೂಮಿನಲ್ಲಿ ಗಾಳಿ ಸಾಕಷ್ಟು ಬದಲಾಗುತ್ತಿಲ್ಲ ಅನ್ನೋದಕ್ಕೆ ಅದು ಗುರುತು. ಉಸಿರಿನ ಜೊತೆ ಬರುವ ಮೈವಾಸನೆ, ತೇವ, ಕೆಮ್ಮಿದಾಗ ಹೊರಬೀಳುವ ವೈರಸ್ ಎಲ್ಲವೂ ಅಲ್ಲೇ ಸುತ್ತುತ್ತಿರುತ್ತವೆ. ಕಾರ್ಬನ್ ಡೈಆಕ್ಸೈಡ್ ಅವುಗಳ ಲೆಕ್ಕ ಕೊಡುತ್ತದೆ, ಅಷ್ಟೇ. ಬರೀ ಆ ಅನಿಲದಿಂದಲೇ ಎಷ್ಟು ಮಂಪರು ಬರುತ್ತದೆ ಅನ್ನೋ ಬಗ್ಗೆ ಸಂಶೋಧಕರಲ್ಲೇ ಒಮ್ಮತ ಇಲ್ಲ. 2012ರ ಅಮೆರಿಕದ ಒಂದು ಅಧ್ಯಯನದಲ್ಲಿ 1000, 2500 ಪಿಪಿಎಂನಲ್ಲಿ ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಕುಗ್ಗಿದ್ದು ಕಂಡಿತ್ತು, ಆಮೇಲೆ ನಡೆದ ಕೆಲವು ಅಧ್ಯಯನಗಳಲ್ಲಿ ಅದು ಕಾಣಲಿಲ್ಲ. ಅಮೆರಿಕದ ಕಾರ್ಖಾನೆಗಳಲ್ಲಿ ಎಂಟು ಗಂಟೆ ಕೆಲಸಕ್ಕೆ ಇರುವ ಮಿತಿ 5000. ಹಾಗಾಗಿ ಬೆಳಿಗ್ಗೆ 1800 ಕಂಡರೆ ಗಾಬರಿ ಬೇಡ. ಆದರೆ ಮಕ್ಕಳು ದಿನಾ ರಾತ್ರಿ ಅದರಲ್ಲಿ ಮಲಗಲಿ ಬಿಡಿ ಅಂತ ಸುಮ್ಮನಾಗೋದೂ ಬೇಡ. ನನ್ನ ಅಳತೆ ಇಷ್ಟು: ಸಾವಿರದ ಆಸುಪಾಸು ಇದ್ದರೆ ಚೆನ್ನಾಗಿದೆ, 1500 ದಾಟಿದರೆ ಏನಾದರೂ ಮಾಡಬೇಕು, 2500 ದಾಟಿದರೆ ಇವತ್ತೇ ಮಾಡಬೇಕು.

ಯಾಕೆ ಇಷ್ಟು ಏರುತ್ತದೆ ಅನ್ನೋದಕ್ಕೆ ಒಂದು ಲೆಕ್ಕ. ಹತ್ತು ಅಡಿಗೆ ಹನ್ನೆರಡು ಅಡಿ ರೂಮು, ಎತ್ತರ ಹತ್ತಡಿ. ಒಳಗಿರುವ ಗಾಳಿ ಸುಮಾರು 34,000 ಲೀಟರ್. ಮಲಗಿದ ಇಬ್ಬರು ದೊಡ್ಡವರು ಸೇರಿ ಗಂಟೆಗೆ ಸುಮಾರು 25 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. ಗಾಳಿ ಸ್ವಲ್ಪವೂ ಆಚೀಚೆ ಆಗದಿದ್ದರೆ ಗಂಟೆಗೆ 700 ಪಿಪಿಎಂ ಮೇಲೆ ಏರಬೇಕು. ಯಾವ ರೂಮೂ ಅಷ್ಟು ಬಿಗಿ ಇರುವುದಿಲ್ಲ, ಸಂದಿಗೊಂದಿಯಿಂದ ಒಂದಷ್ಟು ಹೋಗುತ್ತದೆ, ಆದರೂ ಬೆಳಗಿನ ಜಾವಕ್ಕೆ 2000ದಿಂದ 3000 ಆಗುವುದು ಮಾಮೂಲು. ಇದೇ ರೂಮು ಸಾವಿರದ ಒಳಗೆ ಉಳಿಯಬೇಕಾದರೆ ಗಂಟೆಗೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ಸಲ ಪೂರ್ತಿ ಗಾಳಿ ಬದಲಾಗಬೇಕು.

ಗ್ರಾಫ್ ಏನು ಹೇಳುತ್ತದೆ

ಮೀಟರ್‌ಗೆ ಆ್ಯಪ್ ಇದ್ದರೆ ರಾತ್ರಿಯ ಗ್ರಾಫ್ ತೆಗೆದು ನೋಡಿ. ಇಲ್ಲದಿದ್ದರೆ ಮಲಗುವಾಗ, ಮಧ್ಯೆ ಎಚ್ಚರ ಆದಾಗ, ಎದ್ದಾಗ ಬರೆದಿಟ್ಟರೂ ಸಾಕು.

ಮಲಗಿದ ಕೂಡಲೇ ಏರಲು ಶುರುವಾಗಿ, ರಾತ್ರಿಯಿಡೀ ಏರುತ್ತಾ ಹೋಗಿ, ಬೆಳಗಿನ ಹೊತ್ತಿಗೂ ನಿಲ್ಲದಿದ್ದರೆ ರೂಮು ತೀರಾ ಬಿಗಿ. ಬೇಗ ಏರಿ ಒಂದು ಮಟ್ಟದಲ್ಲಿ ನಿಂತರೆ ಗಾಳಿ ಬದಲಾಗುತ್ತಿದೆ, ಆದರೆ ಜನರಿಗೆ ಸಾಲುತ್ತಿಲ್ಲ. ಮಧ್ಯರಾತ್ರಿ ದಿಢೀರ್ ಇಳಿದಿದ್ದರೆ ಯಾರೋ ಬಾಗಿಲು ತೆಗೆದಿದ್ದಾರೆ. ಇದು ಸಣ್ಣ ವಿಷಯ ಅಲ್ಲ, ಬಾಗಿಲು ತೆರೆದಿಟ್ಟರೆ ಎಷ್ಟು ಲಾಭ ಅನ್ನೋದು ಅಲ್ಲೇ ಕಾಣುತ್ತದೆ.

ಬೆಳಿಗ್ಗೆ ಏಳೂವರೆಗೆ, ರಾತ್ರಿ ಎಂಟಕ್ಕೆ ಮೊನೆ ಮೊನೆಯಾಗಿ ಏರಿದರೆ ಅಡುಗೆಮನೆ ಕಾರಣ. ಒಂದು ಕೆಜಿ ಎಲ್‌ಪಿಜಿ ಉರಿದರೆ ಸುಮಾರು ಮೂರು ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ದೊಡ್ಡ ಬರ್ನರ್ ಪೂರ್ತಿ ಉರಿಯುತ್ತಿದ್ದರೆ ಅಡುಗೆಮನೆಯಲ್ಲಿ ಹತ್ತು ಹದಿನೈದು ಜನ ಕೂತು ಉಸಿರು ಬಿಟ್ಟಷ್ಟು. ಜೊತೆಗೆ ನೈಟ್ರೋಜನ್ ಡೈಆಕ್ಸೈಡ್, ಒಗ್ಗರಣೆ ಹೊಗೆ. ಚಿಮಣಿ ಹಾಕಿದರೂ ಇಳಿಯುತ್ತಿಲ್ಲವಾ? ಅದರ ಪೈಪ್ ಎಲ್ಲಿಗೆ ಹೋಗಿದೆ ನೋಡಿ. ಪೈಪೇ ಇಲ್ಲದ, ಇದ್ದಿಲ ಫಿಲ್ಟರ್ ಇರುವ ಚಿಮಣಿ ಜಿಡ್ಡು, ವಾಸನೆ ಹಿಡಿದು ಅದೇ ಗಾಳಿಯನ್ನು ಅಡುಗೆಮನೆಗೇ ವಾಪಸ್ ಬಿಡುತ್ತದೆ. ಪೈಪ್ ಇದ್ದರೂ ಅದು ಫಾಲ್ಸ್ ಸೀಲಿಂಗ್ ಒಳಗೇ ಕೊನೆಯಾಗಿದ್ದರೆ ಪ್ರಯೋಜನ ಇಲ್ಲ.

ಮನೆಯಲ್ಲಿ ಯಾರೂ ಇಲ್ಲದಾಗಲೂ 900, 1000 ಅಲುಗದೆ ನಿಂತಿದ್ದರೆ ಮೊದಲು ಮೀಟರ್ ಮೇಲೆ ಅನುಮಾನ ಪಡಿ. ಅದು ಸರಿ ಇದ್ದರೆ, ಬೇಸ್‌ಮೆಂಟ್ ಪಾರ್ಕಿಂಗ್‌ನ ಗಾಳಿ ಮೆಟ್ಟಿಲು ದಾರಿಯಿಂದ ಬರುತ್ತಿರಬಹುದು, ಅಕ್ಕಪಕ್ಕದ ಮನೆಯ ಎಗ್ಜಾಸ್ಟ್ ಗಾಳಿ ಡಕ್ಟ್‌ನಿಂದ ನಿಮ್ಮ ಬಾತ್‌ರೂಮಿಗೆ ನುಗ್ಗುತ್ತಿರಬಹುದು. ಗಿಡ ಬೆಳೆಸುವ ಅಕ್ವೇರಿಯಂಗೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಟ್ಟಿದ್ದರೆ ಅದರ ವಾಲ್ವ್ ನೋಡಿ.

ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು?

ಇದು ಎಲ್ಲಕ್ಕಿಂತ ಉಪಯೋಗದ ಪರೀಕ್ಷೆ, ಯಾಕೆಂದರೆ ರೂಮಿಗೆ ಎಷ್ಟು ಗಾಳಿ ಬರುತ್ತಿದೆ ಅನ್ನೋದನ್ನು ಇದು ಅಂಕಿಯಲ್ಲಿ ಕೊಡುತ್ತದೆ. ಬೆಳಿಗ್ಗೆ ಎದ್ದು ಎಲ್ಲರೂ ಹೊರಗೆ ಬನ್ನಿ. ರಾತ್ರಿ ಹೇಗಿತ್ತೋ ಹಾಗೇ ಬಾಗಿಲು, ಕಿಟಕಿ ಮುಚ್ಚಿ. ಸೀಲಿಂಗ್ ಫ್ಯಾನ್ ನಿಧಾನಕ್ಕೆ ತಿರುಗುತ್ತಿರಲಿ, ಗಾಳಿ ಬೆರೆಯುತ್ತದೆ. ಮೀಟರ್ 2430 ತೋರಿಸುತ್ತಿದೆ, ಹೊರಗೆ 430 ಇದೆ ಅಂತ ಇಟ್ಟುಕೊಳ್ಳಿ. ಹೆಚ್ಚುವರಿ ಇರುವುದು 2000. ಅದರ ಅರ್ಧ 1000, ಅಂದರೆ ಮೀಟರ್ 1430ಕ್ಕೆ ಇಳಿಯಲು ಎಷ್ಟು ಹೊತ್ತು ಬೇಕಾಯ್ತು?

ಎರಡು ಗಂಟೆ ಬೇಕಾದರೆ ಗಂಟೆಗೆ ರೂಮಿನ ಗಾಳಿಯ ಮೂರನೇ ಒಂದು ಭಾಗ ಮಾತ್ರ ಬದಲಾಗುತ್ತಿದೆ. ಒಂದು ಗಂಟೆ ಅಂದರೆ ಮುಕ್ಕಾಲು ಭಾಗಕ್ಕೆ ಹತ್ತಿರ. ಅರ್ಧ ಗಂಟೆಯಲ್ಲಿ ಅರ್ಧಕ್ಕೆ ಇಳಿದರೆ ಗಂಟೆಗೆ ಒಂದೂಕಾಲು ಸಲಕ್ಕಿಂತ ಜಾಸ್ತಿ, ಇಬ್ಬರಿಗೆ ಅಷ್ಟು ಸಾಕು. ಗುರಿ ಇದೇ ಇಟ್ಟುಕೊಳ್ಳಿ: ಅರ್ಧ ಗಂಟೆಯಲ್ಲಿ ಅರ್ಧ. ಮಗು ಜೊತೆಗೆ ಮಲಗಿದರೆ ಇನ್ನೂ ಸ್ವಲ್ಪ ಬೇಗ ಇಳಿಯಬೇಕು. ಮೂವರು ಇರುವ ಪಿಜಿ ರೂಮಿಗೂ, ಹತ್ತು ಮಕ್ಕಳು ಕೂರುವ ಮನೆಪಾಠದ ಹಾಲಿಗೂ ಈ ಗುರಿ ಸಾಲದು, ಅಲ್ಲಿ ಕಿಟಕಿ ತೆರೆದಿರಲೇಬೇಕು.

ಗಾಳಿ ಬರುವ ದಾರಿ, ಹೋಗುವ ದಾರಿ

‘ಎಸಿ ಹಾಕಿದೀವಲ್ಲ ಸಾರ್, ಗಾಳಿ ಬರ್ತಿದೆಯಲ್ಲ?’ ಅಂತ ತುಂಬಾ ಜನ ಕೇಳುತ್ತಾರೆ. ಸ್ಪ್ಲಿಟ್ ಎಸಿ ಹೊರಗಿನಿಂದ ಒಂದು ಚೂರೂ ಗಾಳಿ ತರುವುದಿಲ್ಲ. ಗೋಡೆಯ ತೂತಿನಲ್ಲಿ ಹೋಗಿರುವುದು ತಾಮ್ರದ ಪೈಪ್, ಅದರೊಳಗೆ ಓಡುವುದು ಗ್ಯಾಸ್. ರೂಮಿನ ಗಾಳಿಯನ್ನೇ ಎಳೆದು, ತಂಪು ಮಾಡಿ, ರೂಮಿಗೇ ಬಿಡುತ್ತದೆ. ತಂಪಾಗಿರುವುದರಿಂದ ತಾಜಾ ಅನ್ನಿಸುತ್ತದೆ. ಕೆಲವು ವಿಂಡೋ ಎಸಿಗಳಲ್ಲಿ ಒಂದು ಪುಟ್ಟ ಲಿವರ್ ಇರುತ್ತದೆ, ಎಳೆದರೆ ಒಂದಿಷ್ಟು ಗಾಳಿ ಹೊರಗೆ ಹೋಗುತ್ತದೆ, ಆದರೆ ಅದು ಬಹಳ ಕಡಿಮೆ. ಸೀಲಿಂಗ್ ಫ್ಯಾನ್ ಕೂಡ ಇದ್ದ ಗಾಳಿಯನ್ನೇ ತಿರುಗಿಸುತ್ತದೆ.

ಏರ್ ಪ್ಯೂರಿಫೈಯರ್ ಧೂಳು, ಹೊಗೆ ಹಿಡಿಯುತ್ತದೆ, ಅದಕ್ಕೆ ಒಳ್ಳೆಯದೇ, ಆದರೆ ಕಾರ್ಬನ್ ಡೈಆಕ್ಸೈಡ್ ಅದರ ಫಿಲ್ಟರ್‌ನಲ್ಲಿ ಸರಾಗ ದಾಟಿಹೋಗುತ್ತದೆ. ಗಿಡಗಳ ಬಗ್ಗೆ ಹೇಳಲೇಬೇಕು. ಒಬ್ಬ ಮನುಷ್ಯ ದಿನಕ್ಕೆ ಸುಮಾರು ಒಂದು ಕೆಜಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾನೆ. ನಾಲ್ಕು ಕುಂಡದ ಮನಿ ಪ್ಲಾಂಟು, ಸ್ನೇಕ್ ಪ್ಲಾಂಟು ಅದರ ಲೆಕ್ಕಕ್ಕೇ ಬರುವುದಿಲ್ಲ. ಬಹುಪಾಲು ಗಿಡಗಳು ರಾತ್ರಿ ತಾವೇ ಸ್ವಲ್ಪ ಬಿಡುತ್ತವೆ. ಚೆಂದಕ್ಕೆ ಇಡಿ, ಗಾಳಿಗೆ ಅಂತ ಅಲ್ಲ.

ಹಾಗಾದರೆ ಗಾಳಿ ಎಲ್ಲಿಂದ ಬರುತ್ತಿದೆ? ಒಂದು ಅಗರಬತ್ತಿ ಹಚ್ಚಿ. ಬಾಗಿಲಿನ ಕೆಳಗಿನ ಸಂದಿಯ ಹತ್ತಿರ, ನೆಲದಿಂದ ಒಂದು ಬೆರಳು ಮೇಲೆ ಹಿಡಿದು ಅಲುಗಾಡದೆ ಕೂತುಕೊಳ್ಳಿ, ಫ್ಯಾನ್ ಎಸಿ ಎರಡೂ ಆಫ್ ಇರಲಿ. ಹೊಗೆ ನೇರ ಮೇಲಕ್ಕೆ ಎದ್ದರೆ ಅಲ್ಲಿ ಗಾಳಿ ಓಡಾಡುತ್ತಿಲ್ಲ. ರೂಮಿನ ಒಳಕ್ಕೆ ಬಾಗಿದರೆ ಗಾಳಿ ಬರುತ್ತಿದೆ, ಹಾಲಿನ ಕಡೆ ಎಳೆದುಕೊಂಡು ಹೋದರೆ ಹೊರಡುತ್ತಿದೆ. ಹಾಗೇ ಕಿಟಕಿಯ ಸಂದಿ, ವೆಂಟಿಲೇಟರ್, ಬಾತ್‌ರೂಮ್ ಬಾಗಿಲು, ಒಂದೊಂದೇ ನೋಡಿ. ಈಗಿನ ಯುಪಿವಿಸಿ ಕಿಟಕಿ ಹತ್ತಿರ ಹೊಗೆ ನೇರವಾಗಿ ನಿಲ್ಲುತ್ತದೆ, ಸುತ್ತ ರಬ್ಬರ್ ಇರುವುದರಿಂದ ಒಂದೆಳೆಯೂ ಬಾಗುವುದಿಲ್ಲ. ಹೆಂಚಿನ ಮನೆಯಲ್ಲಿ ಇದೇ ಪರೀಕ್ಷೆ ಮಾಡಿದರೆ ಹೊಗೆ ಎಲ್ಲೆಲ್ಲೋ ಓಡುತ್ತದೆ. ಹೆಂಚಿನ ಸಂದಿ, ಗವಾಕ್ಷಿ, ತೊಟ್ಟಿ, ಇವೆಲ್ಲ ಕೇಳದೇ ಗಾಳಿ ಬದಲಾಯಿಸುತ್ತಿದ್ದವು. ನಮ್ಮ ಮನೆಗಳಿಂದ ಗವಾಕ್ಷಿ ಹೋಯ್ತು, ಆ ಕೆಲಸ ಮಾಡುವ ಬೇರೆ ಏನನ್ನೂ ನಾವು ತರಲಿಲ್ಲ, ಇದು ನನಗೆ ನಿಜಕ್ಕೂ ಬೇಜಾರಿನ ಸಂಗತಿ.

ಎಗ್ಜಾಸ್ಟ್ ಫ್ಯಾನ್ ಇದೆ, ಓಡುತ್ತಿದೆ, ನಂಬರ್ ಇಳಿಯುತ್ತಿಲ್ಲ ಅನ್ನೋ ದೂರು ಬಹಳ. ಫ್ಯಾನ್ ಜಾಲರಿಗೆ ತೆಳುವಾದ ಟಿಶ್ಯೂ ಹಾಳೆ ಹಿಡಿಯಿರಿ. ಅಂಟಿಕೊಂಡರೆ ಎಳೆಯುತ್ತಿದೆ. ಅಂಟದಿದ್ದರೆ ಬಾಗಿಲು ಸ್ವಲ್ಪ ತೆಗೆದು ಮತ್ತೆ ಹಿಡಿಯಿರಿ. ಈಗ ಅಂಟಿದರೆ ಫ್ಯಾನ್ ಸರಿ ಇದೆ, ಅದಕ್ಕೆ ಎಳೆಯಲು ಗಾಳಿಯೇ ಸಿಗುತ್ತಿರಲಿಲ್ಲ. ಖಾಲಿ ಬಾಟಲಿಗೆ ಬಾಯಿಟ್ಟು ಗಾಳಿ ಎಳೆದರೆ ಎಷ್ಟು ಬರುತ್ತದೆ, ಹಾಗೆ. ಒಳಗೆ ಬರುವ ದಾರಿ ಕೊಡಬೇಕು. ಬಾಗಿಲು ತೆಗೆದರೂ ಅಂಟದಿದ್ದರೆ ಹೊರಗಿನ ಮುಚ್ಚಳ ಜಿಡ್ಡಿಗೆ ಕಚ್ಚಿಕೊಂಡಿದೆ, ಇಲ್ಲವೇ ಪಾರಿವಾಳ ಗೂಡು ಕಟ್ಟಿದೆ. ಮೋಟರ್ ಕೆಡುವುದು ಕಡಿಮೆ.

ಇನ್ನೊಂದು ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ: ಸೊಳ್ಳೆ ಜಾಲರಿ. ರಸ್ತೆ ಪಕ್ಕದ ಮನೆಯಲ್ಲಿ, ಅಕ್ಕಪಕ್ಕ ಕಟ್ಟಡದ ಕೆಲಸ ನಡೆಯುವ ಕಡೆ, ಜಾಲರಿಯ ಕಣ್ಣುಗಳಿಗೆ ಧೂಳು ಮೆತ್ತಿ ಬೂದು ಬಣ್ಣದ ಬಟ್ಟೆ ಹಾಗೆ ಆಗಿರುತ್ತದೆ. ಕಿಟಕಿ ತೆರೆದಿದ್ದರೂ ಗಾಳಿ ಬರುವುದಿಲ್ಲ. ಮೊಬೈಲ್ ಟಾರ್ಚ್ ಹಿಡಿದು ನೋಡಿ, ಬೆಳಕು ಮಂಕಾಗಿ ಬಂದರೆ ಬಿಚ್ಚಿ, ಸೋಪಿನ ನೀರಲ್ಲಿ ತೊಳೆದು ಒಣಗಿಸಿ ಹಾಕಿ. ಖರ್ಚಿಲ್ಲದ ರಿಪೇರಿ.

ಸರಿಪಡಿಸುವುದು

ಮೊದಲು ದುಡ್ಡು ಬೇಡದ್ದು. ರೂಮಿನ ಬಾಗಿಲು ಅರ್ಧ ತೆರೆದು ಮಲಗಿ. ಗಾಳಿ ಹಾಲಿನ ಜೊತೆ ಹಂಚಿಕೊಳ್ಳುತ್ತದೆ, ಮೀಟರ್ ತುಂಬಾ ಕೆಳಗೆ ಉಳಿಯುತ್ತದೆ. ಅದರ ಜೊತೆ ಹಾಲಿನ ಒಂದು ಕಿಟಕಿ, ರೂಮಿನ ಒಂದು ಕಿಟಕಿ ಎರಡೆರಡು ಬೆರಳು ತೆಗೆದರೆ ಅಡ್ಡಗಾಳಿ ಆಗುತ್ತದೆ. ಒಂದೇ ಕಿಟಕಿಯನ್ನು ಅಗಲ ತೆಗೆಯುವುದಕ್ಕಿಂತ ಎದುರುಬದುರು ಎರಡನ್ನು ಸ್ವಲ್ಪ ತೆಗೆಯುವುದು ಲೇಸು.

ಸೊಳ್ಳೆ ಕಾಟ ಅಂತ ಕಿಟಕಿ ಮುಚ್ಚಿ ಕಾಯಿಲ್ ಹಚ್ಚುವುದು ಇರುವುದರಲ್ಲೇ ಕೆಟ್ಟ ದಾರಿ. ಒಂದು ಕಾಯಿಲ್ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಬಿಡುತ್ತದೆ ಅಂತ 2003ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಮಂಚಕ್ಕೆ ಸೊಳ್ಳೆ ಪರದೆ ಕಟ್ಟಿ, ಕಿಟಕಿ ತೆಗೆಯಿರಿ. ನಮ್ಮ ಅಜ್ಜಿಯಂದಿರು ಮಾಡಿದ್ದು ಇದನ್ನೇ, ಈಗಲೂ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಕಳ್ಳರ ಭಯಕ್ಕೋ ಗಲಾಟೆಗೋ ಕಿಟಕಿ ತೆಗೆಯಲಾಗದಿದ್ದರೆ ಬಾತ್‌ರೂಮಿನ ಎಗ್ಜಾಸ್ಟನ್ನು ರಾತ್ರಿಯಿಡೀ ನಿಧಾನ ವೇಗದಲ್ಲಿ ಓಡಿಸಿ, ಬಾತ್‌ರೂಮ್ ಬಾಗಿಲು ತೆರೆದಿಡಿ, ರೂಮಿನ ಬಾಗಿಲ ಕೆಳಗೆ ಒಂದು ಬೆರಳು ಸಂದಿ ಇರಲಿ. ಹಾಲಿನಿಂದ ಗಾಳಿ ಬರುತ್ತದೆ, ಬಾತ್‌ರೂಮಿನಿಂದ ಹೋಗುತ್ತದೆ. ಆದರೆ ಹಾಲಿನಲ್ಲೂ ಒಂದು ಕಿಟಕಿ ತೆರೆದಿರಬೇಕು. ಮನೆಯಲ್ಲಿ ಎಲ್ಲಾದರೂ ಗ್ಯಾಸ್ ಗೀಸರ್ ಇದ್ದರೆ ಇನ್ನೂ ಎಚ್ಚರ: ಎಲ್ಲ ಮುಚ್ಚಿದ ಮನೆಯಲ್ಲಿ ಚಿಮಣಿಯೋ ಎಗ್ಜಾಸ್ಟೋ ಜೋರಾಗಿ ಎಳೆದರೆ ಗೀಸರ್‌ನ ಹೊಗೆ ಹೊರಗೆ ಹೋಗುವ ಬದಲು ಒಳಕ್ಕೆ ಬರಬಹುದು.

ಊರಿಗೆ ತಕ್ಕಂತೆ ದಾರಿ ಬದಲಾಗುತ್ತದೆ. ಬೆಂಗಳೂರು, ಮೈಸೂರಿನಲ್ಲಿ ವರ್ಷದ ಹೆಚ್ಚಿನ ರಾತ್ರಿ ಹೊರಗೆ ತಂಪಾಗಿಯೇ ಇರುತ್ತದೆ, ಎಸಿಗೆ ಬದಲು ಕಿಟಕಿ ತೆಗೆದು ಫ್ಯಾನ್ ಹಾಕಿದರೆ ಎರಡೂ ಕೆಲಸ ಆಗುತ್ತದೆ. ರಾಯಚೂರು, ಕಲಬುರಗಿ ಕಡೆ ನೀರಿನ ಕೂಲರ್ ಬಳಸುವವರು ಅದನ್ನು ಕಿಟಕಿಯಲ್ಲಿ ಇಟ್ಟು, ಎದುರಿನ ಕಿಟಕಿ ತೆರೆದಿಟ್ಟರೆ ತಂಪಿನ ಜೊತೆ ಹೊಸ ಗಾಳಿಯೂ ಧಾರಾಳ. ಅದನ್ನೇ ಮುಚ್ಚಿದ ರೂಮಿನೊಳಗೆ ಇಟ್ಟರೆ ಬರೀ ಸೆಕೆ, ಜಿಗಟು, ಕಾರ್ಬನ್ ಡೈಆಕ್ಸೈಡೂ ಏರುತ್ತದೆ. ಕರಾವಳಿಯಲ್ಲಿ ಎಸಿ ಹಾಕಿ ಕಿಟಕಿ ಅಗಲ ತೆಗೆದರೆ ಹೊರಗಿನ ತೇವ ತಂಪು ಗೋಡೆಗೆ ಕೂತು ಬೂಷ್ಟು ಹಿಡಿಯುತ್ತದೆ. ಅಲ್ಲಿ ಸಂದಿಯಷ್ಟೇ ತೆಗೆದು, ಎಗ್ಜಾಸ್ಟ್ ಸಣ್ಣಗೆ ಇಟ್ಟು, ಬಟ್ಟೆಗಳನ್ನು ಮಲಗುವ ರೂಮಿನಲ್ಲಿ ಒಣಹಾಕದೆ ಇರುವುದು ಒಳ್ಳೆಯದು.

ಹೊರಗಿನ ಗಾಳಿಯೇ ಕೆಟ್ಟಿದ್ದರೆ? ಮುಖ್ಯರಸ್ತೆ ಪಕ್ಕ, ಕಸ ಸುಡುವ ಜಾಗದ ಹತ್ತಿರ, ದೀಪಾವಳಿ ರಾತ್ರಿ, ಇಲ್ಲವೇ ನೀವು ನವೆಂಬರ್‌ನಲ್ಲಿ ದೆಹಲಿಯಲ್ಲಿದ್ದರೆ, ಕಿಟಕಿ ತೆಗೆಯಿರಿ ಅಂತ ಕಣ್ಣುಮುಚ್ಚಿ ಹೇಳಲು ಆಗುವುದಿಲ್ಲ. ಪಿಎಂ 2.5 (ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣ) ಕೂಡ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ ಒಂದು ಘನ ಮೀಟರ್ ಗಾಳಿಗೆ 15 ಮೈಕ್ರೋಗ್ರಾಂ, ನಮ್ಮ ದೇಶದ ಮಿತಿ 60. ಇಂಥ ಕಡೆ ಕಿಟಕಿ ಸ್ವಲ್ಪ ತೆಗೆದು ಜೊತೆಗೆ ಪ್ಯೂರಿಫೈಯರ್ ಓಡಿಸಬೇಕು, ಅಥವಾ ಗೋಡೆಯಲ್ಲಿ ತೂತು ಹಾಕಿ ಫಿಲ್ಟರ್ ಇರುವ ಫ್ಯಾನ್ ಕೂರಿಸಿ ಸೋಸಿದ ಗಾಳಿ ಒಳಕ್ಕೆ ತಳ್ಳಬೇಕು. ದುಬಾರಿ ಹೌದು. ಮನೆಯಲ್ಲಿ ಆಸ್ತಮಾ ಇರುವ ಮಗು ಇದ್ದರೆ ಟಿವಿಗೆ ಖರ್ಚು ಮಾಡುವ ಮೊದಲು ಇದಕ್ಕೆ ಮಾಡಿ ಅನ್ನುತ್ತೇನೆ.

ನಂಬರ್ ಕಡಿಮೆ, ತೊಂದರೆ ಮಾತ್ರ ಹಾಗೇ ಇದೆ

ಮೀಟರ್ 700 ಅನ್ನುತ್ತದೆ, ಹೊರಗಿನ ಪರೀಕ್ಷೆಯೂ ಪಾಸು, ಆದರೂ ಕಣ್ಣುರಿ, ಗಂಟಲು ಕೆರೆತ. ಆಗ ಬೇರೆ ಕಡೆ ನೋಡಿ. ಹೊಸ ವಾರ್ಡ್‌ರೋಬು, ಪ್ಲೈವುಡ್ಡು, ಹೊಸ ಪೇಂಟು ಇದ್ದರೆ ಅದರ ಆವಿ. ಮಧ್ಯಾಹ್ನ ವಾರ್ಡ್‌ರೋಬ್ ಬಾಗಿಲು ತೆಗೆದ ಕೂಡಲೇ ಕಣ್ಣು ಚುರುಗುಟ್ಟಿದರೆ ಅದೇ. ಬಾಗಿಲು ಖಾನೆ ಎಲ್ಲ ತೆರೆದಿಟ್ಟು ಕೆಲವು ವಾರ ಗಾಳಿಯಾಡಿಸಿ. ಮಂಚದ ಹಿಂದಿನ ಗೋಡೆಗೆ, ಬೀರುವಿನ ಬೆನ್ನಿಗೆ ಬೂಷ್ಟು ಇದೆಯಾ ನೋಡಿ, ಮಳೆಗಾಲ ಮುಗಿದ ಮೇಲೆ ಇದು ಜಾಸ್ತಿ. ಮಲಗುವ ಮೊದಲು ಧೂಪ, ಅಗರಬತ್ತಿ ಹಚ್ಚುವ ಅಭ್ಯಾಸ ಇದ್ದರೆ ಒಂದು ವಾರ ಅದನ್ನು ಸಂಜೆಗೆ, ಕಿಟಕಿ ತೆಗೆದಿರುವ ಹೊತ್ತಿಗೆ ಬದಲಾಯಿಸಿ ನೋಡಿ.

ಏನೇ ಬದಲಾಯಿಸಿದರೂ ಒಂದು ಸಲಕ್ಕೆ ಒಂದೇ ಬದಲಾಯಿಸಿ. ಬಾಗಿಲು, ಕಿಟಕಿ, ಎಗ್ಜಾಸ್ಟ್ ಮೂರನ್ನೂ ಒಂದೇ ರಾತ್ರಿ ಬದಲಾಯಿಸಿದರೆ ಯಾವುದರಿಂದ ಇಳಿಯಿತು ಅಂತ ಗೊತ್ತಾಗುವುದಿಲ್ಲ. ಎರಡು ಮೂರು ರಾತ್ರಿ ನೋಡಿ, ಬೆಳಗಿನ ನಂಬರ್ ಬರೆದಿಡಿ, ಅರ್ಧಕ್ಕೆ ಇಳಿಯುವ ಪರೀಕ್ಷೆಯನ್ನು ಹೊಸ ಏರ್ಪಾಡಿನಲ್ಲಿ ಇನ್ನೊಮ್ಮೆ ಮಾಡಿ. ಎರಡು ಗಂಟೆ ಇದ್ದದ್ದು ನಲವತ್ತು ನಿಮಿಷಕ್ಕೆ ಬಂದಿದ್ದರೆ ದಾರಿ ಸರಿ ಇದೆ, ಕಿಟಕಿ ಇನ್ನೊಂದು ಬೆರಳು ತೆಗೆಯಿರಿ. ಏನೂ ಬದಲಾಗಿಲ್ಲ ಅಂದರೆ ಮತ್ತೆ ಅಗರಬತ್ತಿ ಹಿಡಿದು ಗಾಳಿ ಬರುವ ಕಡೆ ನೋಡಿ. ಹೋಗುವ ದಾರಿ ಮಾಡಿ ಬರುವ ದಾರಿ ಮರೆತಿರುವುದೇ ಹೆಚ್ಚು.